ಕೈ ಕಟ್ಟಿದರೆ ರಾತ್ರಿ ಕಳೆಯುವುದೇ?

ವಯಸ್ಸಾದವರ ಬುದ್ಧಿ ಕದಡುವುದಕ್ಕೆ ನಮ್ಮ ಹಿರಿಯರ ಬಳಿ ಎರಡು ಬೇರೆ ಬೇರೆ ಪದಗಳಿದ್ದವು. ಒಂದು ಅರಳುಮರಳು, ಇನ್ನೊಂದು ಸನ್ನಿ. ಅರಳುಮರಳು ಮೆಲ್ಲಗೆ ಬರುವಂಥದ್ದು, ಬಂದ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಉಳಿಯುವಂಥದ್ದು. ಸನ್ನಿ ಹಾಗಲ್ಲ. ಅದು ಜ್ವರದ ಬೆನ್ನು ಹಿಡಿದು ಎರಡು ದಿನದಲ್ಲಿ, ಕೆಲವೊಮ್ಮೆ ಒಂದೇ ಸಂಜೆಯಲ್ಲಿ ಬಂದು ಎರಗುತ್ತಿತ್ತು. ಸನ್ನಿ ಹಿಡಿದವನು ಬಡಬಡಿಸುತ್ತಿದ್ದ, ಇಲ್ಲದ್ದನ್ನು ಕಾಣುತ್ತಿದ್ದ, ಆದರೆ ಅವನನ್ನು ಯಾರೂ ಹುಚ್ಚನೆನ್ನುತ್ತಿರಲಿಲ್ಲ. ದೇಹದಲ್ಲಿ ಏನೋ ಕೆಟ್ಟಿದೆ, ಅದು ಸರಿಯಾದರೆ ಇದೂ ಸರಿಯಾಗುತ್ತದೆ ಎಂದು ಅಕ್ಷರ ಬಾರದ ಅಜ್ಜಿಯೂ ತಿಳಿದಿದ್ದಳು. ಉರ್ದುವಿನಲ್ಲಿ ಓದಿದವರಿಗೆ ಹಜಿಯಾನ್ ಎಂಬ ಪದ ಗೊತ್ತಿರುತ್ತದೆ. ಯುನಾನಿ ಹಕೀಮರು ಸರ್‌ಸಾಮ್ ಎನ್ನುತ್ತಿದ್ದರು, ತಲೆಯ ಬಾವು ಎಂಬ ಅರ್ಥದಲ್ಲಿ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಅಲ್ ಕಾನೂನ್' ಗ್ರಂಥದಲ್ಲಿ ಇದನ್ನು ತಲೆಯ ಕಾಯಿಲೆಗಳ ಸಾಲಿನಲ್ಲಿಟ್ಟು ಚರ್ಚಿಸಿದ್ದಾನೆ. ಅವನ ಶರೀರಶಾಸ್ತ್ರವನ್ನು ಈಗ ಯಾರೂ ಒಪ್ಪಲಾರರು. ಆದರೆ ಇದು ಕಾಯಿಲೆ, ಸ್ವಭಾವವಲ್ಲ, ವಯಸ್ಸಿನ ತಪ್ಪೂ ಅಲ್ಲ ಎಂಬುದರಲ್ಲಿ ಅವನಿಗೆ ಗೊಂದಲವಿರಲಿಲ್ಲ.

ಗೊಂದಲ ಇರುವುದು ನಮಗೆ. ಎಂಬತ್ತು ವರ್ಷದ ಮುದುಕರೊಬ್ಬರು ಆಸ್ಪತ್ರೆಯ ಮಂಚದಲ್ಲಿ ನಡುರಾತ್ರಿ ಎದ್ದು ಕೂತು ಕೂಗಿದರೆ ಮನೆಯವರು 'ವಯಸ್ಸಾಯಿತಲ್ಲ, ಅರಳುಮರಳು' ಎನ್ನುತ್ತಾರೆ. ನೈಟ್ ಡ್ಯೂಟಿಯ ನರ್ಸು 'ಪೇಷಂಟ್ ಕನ್‌ಫ್ಯೂಸ್ಡ್' ಎಂದು ಬರೆಯುತ್ತಾರೆ. ಅರ್ಧ ಗಂಟೆಯಲ್ಲಿ ಬ್ಯಾಂಡೇಜ್ ಬಟ್ಟೆಯ ಸುರುಳಿ ಬರುತ್ತದೆ. ಒಂದು ಗಂಟು ಬಲಗೈಗೆ, ಒಂದು ಎಡಗೈಗೆ, ಎರಡರ ತುದಿಯೂ ಮಂಚದ ಸರಳಿಗೆ. ಸನ್ನಿಯನ್ನು ಅರಳುಮರಳೆಂದು ತಪ್ಪಾಗಿ ಕರೆದದ್ದರ ಫಲ ಈ ಗಂಟು. ನನ್ನ ಜಗಳ ಇದರ ಜೊತೆ.

ತೆಂಗಿನಗುಂಡಿಯನ್ನೇ ತೆಗೆದುಕೊಳ್ಳಿ. ಭಟ್ಕಳ ತಾಲೂಕಿನ ಹೆಬಳೆ ಪಂಚಾಯತಿಗೆ ಸೇರಿದ ಮೀನುಗಾರಿಕೆ ಬಂದರಿನ ಊರು ಅದು. ಮೊಗೇರರ ಮನೆಗಳಿವೆ, ಮುಸ್ಲಿಮರ ಮನೆಗಳಿವೆ. ದುಡಿಯುವ ಗಂಡಸರಲ್ಲಿ ಒಂದು ಪಾಲು ಸಮುದ್ರದಲ್ಲಿ, ಇನ್ನೊಂದು ಪಾಲು ಗಲ್ಫಿನಲ್ಲಿ. ಅಲ್ಲಿನ ಮುದುಕರೊಬ್ಬರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ 'ಮುಂದೆ ಒಯ್ಯಿರಿ' ಎನ್ನುತ್ತಾರೆ. ಮುಂದೆ ಎಂದರೆ ಹೆದ್ದಾರಿ ಹಿಡಿದು ದಕ್ಷಿಣಕ್ಕೆ. ಉಡುಪಿ ಸುಮಾರು 90 ಕಿಲೋಮೀಟರ್, ಮಂಗಳೂರು 150ರ ಹತ್ತಿರ. ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಇರುವುದು ಇನ್ನೊಂದು ತುದಿಯ ಕಾರವಾರದಲ್ಲಿ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ಬಂದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಎಷ್ಟು ಜೋರಾಯಿತೆಂದು ಓದುಗರಿಗೆ ನೆನಪಿರಬಹುದು. ದಾರಿಯಲ್ಲಿ ಸಾಯುವವರ ಬಗ್ಗೆ ಮಾತಾಡಿದೆವು, ಸರಿ. ಬದುಕಿ ತಲುಪಿದವರು ಅಲ್ಲಿ ರಾತ್ರಿಗಳನ್ನು ಹೇಗೆ ಕಳೆಯುತ್ತಾರೆಂದು ಯಾರೂ ಕೇಳಲಿಲ್ಲ.

ಮೊಗೇರ ಕೇರಿಯ ಒಬ್ಬ ಅಜ್ಜನ ಕತೆಯನ್ನು ಅವರ ಮೊಮ್ಮಗ ನನಗೆ ಹೇಳಿದ. ಅಜ್ಜ ಯೌವನದಲ್ಲಿ ರಂಪಣಿ ಎಳೆದವರು. ಪರ್ಸೀನ್ ದೋಣಿಗಳು ಬಂದು ರಂಪಣಿಯನ್ನು ಮೂಲೆಗೆ ತಳ್ಳುವ ಮೊದಲು, ಹತ್ತಾರು ಜನ ದಡದಲ್ಲಿ ಸಾಲಾಗಿ ನಿಂತು ಕೂಗು ಹಾಕುತ್ತಾ ಹಗ್ಗ ಎಳೆಯುತ್ತಿದ್ದ ಕಾಲ. ಸೊಂಟದ ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ಅಜ್ಜ ಎದ್ದು ಕೂತು ಹೊದಿಕೆಯನ್ನು ಎರಡೂ ಕೈಯಿಂದ ಎಳೆಯತೊಡಗಿದರು, ಬಾಯಲ್ಲಿ ಅದೇ ಹಳೆಯ ಕೂಗು. ಹೊದಿಕೆ ಮುಗಿದ ಮೇಲೆ ಕೈಗೆ ಸಿಕ್ಕಿದ್ದು ಡ್ರಿಪ್ಪಿನ ನಳಿಗೆ. ಕೈ ಕಟ್ಟಿದರು. ಹಗ್ಗ ಎಳೆಯುತ್ತಿದ್ದೇನೆ ಎಂದುಕೊಂಡವನ ಕೈಗೆ ಹಗ್ಗ ಬಿಗಿದರೆ ಅವನಿಗೆ ಏನು ಅರ್ಥವಾಗಬೇಕು? ಬಲೆಗೆ ತಾನೇ ಸಿಕ್ಕಿಬಿದ್ದೆನೆಂದು. ಅವರು ಇನ್ನೂ ಜೋರಾಗಿ ಎಳೆದರು. ಇಂಜೆಕ್ಷನ್ ಚುಚ್ಚಿದರು. ಮರುದಿನ ಮಧ್ಯಾಹ್ನದ ತನಕ ಕಣ್ಣು ತೆರೆಯಲಿಲ್ಲ, ಒಂದು ಗುಟುಕು ನೀರು ಒಳಗೆ ಹೋಗಲಿಲ್ಲ, ಆ ರಾತ್ರಿ ಕೂಗು ಇನ್ನೂ ಹೆಚ್ಚಾಯಿತು. ಮೂರನೆಯ ದಿನ ಕಿರಿಯ ವೈದ್ಯೆಯೊಬ್ಬಳು ಹೊಟ್ಟೆ ಮುಟ್ಟಿ ನೋಡಿ 'ಮೂತ್ರ ಕಟ್ಟಿಕೊಂಡಿದೆಯಲ್ಲ' ಎಂದಳು. ಮೂತ್ರ ಹೊರಗೆ ಹೋಯಿತು, ನೀರು ಒಳಗೆ ಹೋಯಿತು, ಎರಡು ದಿನ ಕಳೆದು ಅಜ್ಜ ಮೊಮ್ಮಗನನ್ನು ಹೆಸರು ಹಿಡಿದು ಕರೆದರು. ಆ ಮೂರು ದಿನ ಮನೆಯವರಿಗೆ ಸಿಕ್ಕಿದ್ದ ಉತ್ತರ ಒಂದೇ: 'ಈ ವಯಸ್ಸಿನಲ್ಲಿ ಇದೆಲ್ಲ ಕಾಮನ್.'

ಕಾಮನ್ ಹೌದು. ಸಾಮಾನ್ಯವಾಗಿ ಕಾಣಿಸುವುದೆಲ್ಲ ಸಹಜವೇ? ನಮ್ಮಲ್ಲಿ ಮಳೆಗಾಲದಲ್ಲಿ ಜ್ವರವೂ ಸಾಮಾನ್ಯ, ಅದಕ್ಕಾಗಿ ಜ್ವರ ಬಂದವನನ್ನು ಕಟ್ಟಿಹಾಕುವುದಿಲ್ಲವಲ್ಲ.

ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ನಮ್ಮ ಸನ್ನಿಯೇ ಅದು. ನಿನ್ನೆ ಸರಿಯಿದ್ದವರು ಇಂದು ಸರಿಯಿಲ್ಲ, ಬೆಳಿಗ್ಗೆ ಮಾತಾಡಿದವರು ರಾತ್ರಿ ಗುರುತು ಹಿಡಿಯುವುದಿಲ್ಲ, ಗಮನ ನಿಲ್ಲುವುದಿಲ್ಲ. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಎಂದರೆ ಶನಿವಾರದ ಹತ್ತಿರವೇ ತಪ್ಪುತ್ತಾರೆ. ಅರಳುಮರಳು ಒಂದು ರಾತ್ರಿಯಲ್ಲಿ ಬರುವುದಿಲ್ಲ; ಒಂದು ರಾತ್ರಿಯಲ್ಲಿ ಬಂದದ್ದರ ಹಿಂದೆ ಸಾಮಾನ್ಯವಾಗಿ ಒಂದು ಕಾರಣ, ಎಷ್ಟೋ ಸಲ ನಾಲ್ಕೈದು ಕಾರಣಗಳು ಒಟ್ಟಿಗೆ ಕೂತಿರುತ್ತವೆ. ಮೂತ್ರದ ಸೋಂಕು, ಎದೆಯ ಸೋಂಕು, ಕಟ್ಟಿದ ಮೂತ್ರ, ನಾಲ್ಕು ದಿನದ ಮಲಬದ್ಧತೆ, ಒಣಗಿದ ದೇಹ, ಇಳಿದ ಸೋಡಿಯಂ, ಇಳಿದ ಸಕ್ಕರೆ, ಹೇಳಿಕೊಳ್ಳಲಾಗದ ನೋವು. ಇದರ ಜೊತೆಗೆ ನಾವು ಕೊಡುವ ಔಷಧಿಗಳೂ ಸೇರಿಕೊಳ್ಳುತ್ತವೆ: ನಿದ್ದೆ ಬರಲೆಂದು ಕೊಟ್ಟ ಅಲ್ಪ್ರಜೋಲಂ, ತುರಿಕೆಗೆಂದು ಕೊಟ್ಟ ಎವಿಲ್. ನಿದ್ದೆಗೆಂದು ಕೊಟ್ಟ ಮಾತ್ರೆಯೇ ಮುದುಕರ ಬುದ್ಧಿಯನ್ನು ಕದಡಬಲ್ಲದು ಎಂಬುದು ವೃದ್ಧರ ವೈದ್ಯದಲ್ಲಿ ಹಳೆಯ ಪಾಠ. ಇನ್ನೊಂದು ಬಗೆಯಿದೆ, ಅದು ಹೆಚ್ಚು ಮೋಸದ್ದು. ಕೂಗಾಟವಿಲ್ಲ, ಎಳೆದಾಟವಿಲ್ಲ. ಮುದುಕಿ ಮಂಕಾಗಿ, ಗೋಡೆ ನೋಡುತ್ತಾ ಮಲಗಿರುತ್ತಾಳೆ. 'ಪಾಪ, ತುಂಬ ಶಾಂತ ಪೇಷಂಟ್' ಎಂದು ಎಲ್ಲರೂ ಹೊಗಳುತ್ತಾರೆ. ಅದೂ ಸನ್ನಿಯೇ. ಯಾರಿಗೂ ತೊಂದರೆ ಕೊಡದ ಕಾರಣಕ್ಕೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಖಾಲಾ ನ್ಯುಮೋನಿಯಾ ಆಗಿ ಮಲಗಿದ್ದದ್ದು ಇನ್ನೊಂದು ಆಸ್ಪತ್ರೆಯಲ್ಲಿ. ಹೆಸರು ಬೇಡ, ಒಂದರ ಹೆಸರು ಹೇಳಿದರೆ ಉಳಿದವು ತಾವು ಪಾರಾದೆವೆಂದು ಭಾವಿಸುತ್ತವೆ. ರಾತ್ರಿ ಒಂಬತ್ತಕ್ಕೆ ರೋಗಿಯ ಕಡೆಯವರೆಲ್ಲ ಹೊರಗೆ ಎಂಬುದು ಅಲ್ಲಿನ ನಿಯಮ. ಕಳೆದುಹೋದರೆ ನಾವು ಜವಾಬ್ದಾರರಲ್ಲ ಎಂದು ಕನ್ನಡಕ, ಕಿವಿಯ ಮಶೀನು, ಹಲ್ಲಿನ ಸೆಟ್ಟು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಮ್ಮ ಕೈಗೆ ಕೊಟ್ಟರು. ಓಢಣಿಯನ್ನೂ ಕೊಟ್ಟರು. ಈಗ ಯೋಚಿಸಿ: ಕಣ್ಣು ಕಾಣದ, ಕಿವಿ ಕೇಳದ, ಹಲ್ಲಿಲ್ಲದೆ ಮಾತು ತೊದಲುವ, ಎಪ್ಪತ್ತು ವರ್ಷದಿಂದ ತಲೆಯ ಮೇಲಿದ್ದ ಬಟ್ಟೆಯೂ ಇಲ್ಲದ ಒಬ್ಬ ಹೆಂಗಸು, ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟಿನ ಕೆಳಗೆ, ಅಪರಿಚಿತ ಗಂಡಸರು ಓಡಾಡುವ ಕೋಣೆಯಲ್ಲಿ. ಪೂರ್ತಿ ಆರೋಗ್ಯವಂತರಾದ ನಿಮ್ಮನ್ನು ಹಾಗೆ ಮಲಗಿಸಿದರೆ ಎಷ್ಟು ಗಂಟೆ ಬುದ್ಧಿ ನೆಟ್ಟಗಿರುತ್ತದೆ?

ಖಾಲಾ ಹಗಲಿನಲ್ಲಿ ಉರ್ದುವನ್ನೂ ಕನ್ನಡವನ್ನೂ ಆಡುತ್ತಿದ್ದರು. ರಾತ್ರಿ ಎರಡೂ ಕಳಚಿಬಿದ್ದು ನವಾಯತಿಯೊಂದೇ ಉಳಿಯಿತು. ನರ್ಸು ಕೇರಳದ ಹುಡುಗಿ, ಒಳ್ಳೆಯವಳೇ. ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಮೂರು ಗಂಟೆಗೆ ಎದ್ದು ವುಜೂ ಮಾಡಿ ತಹಜ್ಜುದ್ ನಮಾಜ್ ಮಾಡುವುದು ಖಾಲಾರ ನಲವತ್ತು ವರ್ಷದ ಅಭ್ಯಾಸ. ಬುದ್ಧಿ ದಾರಿ ತಪ್ಪಿದ್ದರೂ ದೇಹ ಮೂರಕ್ಕೆ ಸರಿಯಾಗಿ ಎದ್ದಿತು. ನೀರು ಹುಡುಕುತ್ತಾ ಮಂಚದಿಂದ ಕಾಲು ಇಳಿಬಿಟ್ಟರು. ಕಡತದಲ್ಲಿ ಬರೆದದ್ದು: 'ಓಡಿಹೋಗಲು ಯತ್ನ.' ಬಟ್ಟೆಯ ಸುರುಳಿ ಹೊರಬಂತು. ಅಷ್ಟರಲ್ಲಿ ನೆಲ ಒರೆಸಲು ಬಂದ ಆಯಾ, ಮಂಗಳೂರಿನ ಕ್ರೈಸ್ತ ಹೆಂಗಸು, ಅವರ ಮಾತು ಕೇಳಿ ನಿಂತಳು. ಮನೆಯಲ್ಲಿ ಕೊಂಕಣಿ ಆಡುವವಳಿಗೆ ನವಾಯತಿ ಪೂರ್ತಿ ಅಲ್ಲದಿದ್ದರೂ ಅರ್ಧ ತಿಳಿಯುತ್ತದೆ. ನೀರು ಕೇಳುತ್ತಿದ್ದಾರೆ, ತಲೆಗೆ ಬಟ್ಟೆ ಕೇಳುತ್ತಿದ್ದಾರೆ ಎಂದಳು. ಒಂದು ಟವೆಲನ್ನು ತಲೆಗೆ ಹೊದಿಸಿ, ಒದ್ದೆ ಬಟ್ಟೆಯಿಂದ ಮುಖ ಕೈ ಒರೆಸಿ, ಪಕ್ಕದಲ್ಲಿ ಕೂತು ತನ್ನ ಕೊಂಕಣಿಯಲ್ಲಿ ಏನೋ ಮಾತಾಡುತ್ತಿದ್ದಳಂತೆ. ಕೂತಲ್ಲೇ ತುಟಿಯಾಡಿಸುತ್ತಾ ಖಾಲಾ ಒರಗಿದರು. ಅಂದು ಕಟ್ಟುವ ಪ್ರಮೇಯ ಬರಲಿಲ್ಲ. ಬೆಳಿಗ್ಗೆ ಈ ಸಂಗತಿ ಹೇಳಿದ್ದು ಆಯಾಳೇ. ವೈದ್ಯರ ರೌಂಡ್ಸಿನಲ್ಲಿ ಅವಳ ಹೆಸರು ಬರಲಿಲ್ಲ, ಬರುವುದೂ ಇಲ್ಲ.

ಆಯಾ ಮಾಡಿದ್ದು ಬರೀ ಕರುಣೆಯಲ್ಲ, ಶಾಸ್ತ್ರೀಯ ವೈದ್ಯ. 1999ರಲ್ಲಿ ಅಮೆರಿಕದ ಯೇಲ್‌ನಲ್ಲಿ ಶರೋನ್ ಇನೋಯೆ ಎಂಬ ವೈದ್ಯೆಯ ತಂಡ ಎಪ್ಪತ್ತು ಮತ್ತು ಅದಕ್ಕೆ ಮೇಲ್ಪಟ್ಟ 852 ರೋಗಿಗಳ ಮೇಲಿನ ಅಧ್ಯಯನವನ್ನು ಪ್ರಕಟಿಸಿತು. ಅರ್ಧದಷ್ಟು ಜನರಿಗೆ ಅವರು ಹೊಸ ಔಷಧಿಯನ್ನೇನೂ ಕೊಡಲಿಲ್ಲ. ಕನ್ನಡಕ ಹಾಕಿದರು, ಕಿವಿಯ ಮಶೀನು ಇಟ್ಟರು, ನೀರು ಕುಡಿಸಿದರು, ಹಗಲಲ್ಲಿ ಎಬ್ಬಿಸಿ ನಡೆಸಿದರು, ಇಂದು ಯಾವ ದಿನ, ಇದು ಯಾವ ಊರು ಎಂದು ಮಾತಾಡಿಸಿದರು, ರಾತ್ರಿ ಗದ್ದಲ ಕಡಿಮೆ ಮಾಡಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ನೀವಿದರು. ಮಾಮೂಲು ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಸನ್ನಿ ಬಂದರೆ ಇವರಲ್ಲಿ 9.9. ಬಂದ ಮೇಲೆ ಅದರ ತೀವ್ರತೆಯನ್ನು ತಗ್ಗಿಸುವಲ್ಲಿ ಇವುಗಳ ಫಲ ಅಷ್ಟಕ್ಕಷ್ಟೆ ಎಂದೂ ಅದೇ ಅಧ್ಯಯನ ಹೇಳಿತು. ಹಾಗಾಗಿ ಇದು ಮೊದಲ ದಿನವೇ, ಬುದ್ಧಿ ನೆಟ್ಟಗಿರುವಾಗಲೇ ಆಗಬೇಕಾದ ಕೆಲಸ. ಬ್ರಿಟನ್ನಿನ ನೈಸ್ ಸಂಸ್ಥೆಯ 2010ರ ಮಾರ್ಗಸೂಚಿಯೂ ಕಾರಣ ಹುಡುಕಿ, ಮಾತಿನಿಂದ ಸಮಾಧಾನಪಡಿಸಿ, ಅದು ಸಾಗದೆ ರೋಗಿ ತೀರಾ ಸಂಕಟದಲ್ಲಿದ್ದರೆ ಮಾತ್ರ ಸಣ್ಣ ಪ್ರಮಾಣದ ಔಷಧಿಯನ್ನು ಸ್ವಲ್ಪ ದಿನ ಕೊಡಿ ಎನ್ನುತ್ತದೆ. ನಮ್ಮಲ್ಲಿ ಈ ಕ್ರಮ ತಲೆಕೆಳಗು. ಮೊದಲು ಗಂಟು, ಆಮೇಲೆ ಸೂಜಿ, ಕಾರಣ ಹುಡುಕುವುದು ಬಿಡುವಿದ್ದರೆ.

'ಕಟ್ಟದಿದ್ದರೆ ಬಿದ್ದು ತಲೆ ಒಡೆದುಕೊಳ್ಳುತ್ತಾರೆ, ಆಗ ಬಂದು ನಮ್ಮ ಗಾಜು ಒಡೆಯುವವರು ನೀವೇ' ಎಂದು ಆಸ್ಪತ್ರೆಯವರು ಹೇಳುತ್ತಾರೆ. ಈ ಮಾತಿನ ಕೊನೆಯ ಅರ್ಧ ನಿಜ, ನಾವು ನಾಚಿಕೊಳ್ಳಬೇಕಾದ ನಿಜ. ಮೊದಲರ್ಧ ಅಷ್ಟು ಸರಳವಲ್ಲ. ಕಟ್ಟಿಸಿಕೊಂಡವರು ಇನ್ನಷ್ಟು ಗಾಬರಿಯಾಗಿ ಕಟ್ಟಿನ ಜೊತೆಗೇ ಹೋರಾಡುತ್ತಾರೆ, ಸರಳು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಅಲ್ಲಾಡದೆ ಮಲಗಿ ಬೆನ್ನು ಹುಣ್ಣಾಗುತ್ತದೆ, ಕಾಲಿನ ಬಲ ಇಳಿಯುತ್ತದೆ. ಉಸಿರಿನ ನಳಿಗೆಯನ್ನೇ ಕಿತ್ತುಕೊಳ್ಳುವ ಕ್ಷಣದಲ್ಲಿ ಸ್ವಲ್ಪ ಹೊತ್ತು ಕೈ ಹಿಡಿಯಬೇಕಾದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಹತ್ತಕ್ಕೆ ಕಟ್ಟಿ ಬೆಳಿಗ್ಗೆ ಆರಕ್ಕೆ ಬಿಚ್ಚುವುದು ಬೇರೆ ಮಾತು. ಅದರ ನಿಜವಾದ ಹೆಸರು ಸಿಬ್ಬಂದಿಯ ಕೊರತೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ನಿಮ್ಮವರು ಮಲಗಿರುವ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಮಂಚಗಳನ್ನೂ ನರ್ಸುಗಳನ್ನೂ ಒಮ್ಮೆ ಎಣಿಸಿ ನೋಡಿ. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಾಲಿಗೂ ಆ ಗಂಟು ಮೇಲಿನವರ ಲೆಕ್ಕಾಚಾರವೇ.

ಇದರಲ್ಲಿ ಒಂದು ವಿಚಿತ್ರ ಅನ್ಯಾಯವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 97ನೆಯ ಕಲಂ ರೋಗಿಯನ್ನು ಕಟ್ಟುವುದಕ್ಕೆ ಕಟ್ಟುನಿಟ್ಟು ವಿಧಿಸುತ್ತದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು. ಕಾರಣ ದಾಖಲಾಗಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟಲೇಬಾರದು. ಈ ಕಾಯಿದೆಯ ಹಿಂದೆ ಏರ್ವಾಡಿಯ ನೆನಪೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಸಮೀಪದ ಖಾಸಗಿ ಆಶ್ರಯಕೇಂದ್ರಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ದೇಶವೆಲ್ಲ ಛೀ ಎಂದಿತು. ಆದರೆ ಆ ಕಾಯಿದೆ ಇರುವುದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ. ಮೂಳೆ ಮುರಿದು ಮಲಗಿದ ತೆಂಗಿನಗುಂಡಿಯ ಅಜ್ಜ ಮನೋರೋಗಿಯಲ್ಲ, ಹಾಗಾಗಿ ಮನೋರೋಗಿಗೆ ಸಿಕ್ಕ ರಕ್ಷಣೆ ಅವರಿಗಿಲ್ಲ! ಸರಪಳಿಯ ಜಾಗದಲ್ಲಿ ಬಿಳಿಯ ಬ್ಯಾಂಡೇಜು ಬಂದರೆ ನಮ್ಮ ಕಣ್ಣಿಗೆ ಅದು ಚಿಕಿತ್ಸೆಯಾಗಿ ಕಾಣುತ್ತದೆ.

ಇಷ್ಟು ಹೇಳಿ ನಮ್ಮ ಮನೆಯವರನ್ನು ಬಿಟ್ಟುಬಿಟ್ಟರೆ ಅದು ಪಕ್ಷಪಾತ. ರೋಗಿಯನ್ನು ಕಂಡು ಬರುವುದು, ಅಯಾದತ್, ನಮ್ಮಲ್ಲಿ ಪುಣ್ಯದ ಕೆಲಸ. ಆದ್ದರಿಂದಲೇ ಸಂಜೆ ನಾಲ್ಕಕ್ಕೆ ಎರಡು ವ್ಯಾನು ತುಂಬ ಜನ ಬಂದು ಮಂಚ ಸುತ್ತುತ್ತೇವೆ. 'ನಾನು ಯಾರು ಹೇಳಿ ನೋಡೋಣ' ಎಂದು ಪ್ರತಿಯೊಬ್ಬರೂ ಪರೀಕ್ಷೆ ತೆಗೆದುಕೊಳ್ಳುತ್ತೇವೆ. ಉತ್ತರ ತಪ್ಪಿದರೆ ಅವರ ಎದುರಿಗೇ ಅಳುತ್ತೇವೆ ಇಲ್ಲವೇ ನಗುತ್ತೇವೆ. ಹಣ್ಣಿನ ಚೀಲ ಇಟ್ಟು ಮಗ್ರಿಬ್‌ಗೆ ಮುಂಚೆ ಹೊರಡುತ್ತೇವೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಆಗ ಉಳಿಯುವವಳು ಒಬ್ಬ ಸೊಸೆ ಅಥವಾ ಮಗಳು; ಅವಳಿಗೂ ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಮುಪ್ಪಿನ ತಂದೆತಾಯಿಗಳ ಮುಂದೆ ಉಫ್ ಎಂದೂ ಅನ್ನಬಾರದೆಂಬುದನ್ನು ಮಿಂಬರಿನಿಂದ ಕೇಳುವವರು ಗಂಡಸರು, ರಾತ್ರಿಯಿಡೀ ಉಫ್ ಅನ್ನದೆ ಕೂರಬೇಕಾದವರು ಹೆಂಗಸರು.

ಜಿನ್ನ್‌ಗಳ ಬಗ್ಗೆಯೂ ಒಂದು ಮಾತು. ಊರಿಗೆ ಸುದ್ದಿ ಮುಟ್ಟುತ್ತಲೇ ಒಬ್ಬರು ತಾವೀಜ್ ತರುತ್ತಾರೆ, ಇನ್ನೊಂದು ಕೇರಿಯಲ್ಲಿ ಗಾಳಿ ಸೋಕಿದೆ ಎಂದು ನೋಟ ನೋಡಿಸುತ್ತಾರೆ. ಅಗೋಚರದ ಮೇಲಿನ ಯಾರ ನಂಬಿಕೆಗೂ ನನ್ನ ತಕರಾರಿಲ್ಲ. ಆದರೆ ಸೋಡಿಯಂ ಇಳಿದಾಗ ಬಂದು, ಸೋಡಿಯಂ ಸರಿಯಾದಾಗ ಹೊರಟುಹೋಗುವ ಜಿನ್ನ್‌ಗೆ ರಕ್ತಪರೀಕ್ಷೆಯೇ ಸಾಕು. ದುಆ ಓದಿ, ಖಂಡಿತ ಓದಿ. ಪರಿಚಿತ ದನಿಯಲ್ಲಿ ಪರಿಚಿತ ಸೂರಾ ಕೇಳಿದರೆ ಎಷ್ಟೋ ಮುದುಕರು ತಣ್ಣಗಾಗುತ್ತಾರೆ. ದುಆ ಓದಿದ ಕಾರಣಕ್ಕೆ ಡಾಕ್ಟರನ್ನು ಎಬ್ಬಿಸದೆ ಇರಬೇಡಿ. ಇನ್ನೊಂದನ್ನು ಎರಡೂ ಕೇರಿಯವರು ಮುಚ್ಚಿಡುತ್ತಾರೆ: ಕುಡಿತ. ದಿನಾ ಕುಡಿಯುತ್ತಿದ್ದವರಿಗೆ ಆಸ್ಪತ್ರೆಯಲ್ಲಿ ಅದು ಏಕಾಏಕಿ ನಿಂತರೆ ಎರಡು ಮೂರು ದಿನದಲ್ಲಿ ಬರುವ ಸನ್ನಿ ಜೀವ ತೆಗೆಯಬಲ್ಲದು. ಅದರ ಚಿಕಿತ್ಸೆಯೂ ಬೇರೆ. ಮೇಲೆ ನಾನು ದೂರಿದ ನಿದ್ದೆಯ ಗುಂಪಿನ ಔಷಧಿಯೇ ಅಲ್ಲಿ ಬೇಕಾಗುತ್ತದೆ. ಮಾನ ಉಳಿಸಲು ಹೋಗಿ ಅಪ್ಪನನ್ನು ಕಳೆದುಕೊಳ್ಳಬೇಡಿ. ವೈದ್ಯರ ಕಿವಿಯಲ್ಲಿ ಹೇಳಿ ಸಾಕು.

ಹಾಗಾದರೆ ರಾತ್ರಿ ಏನು ಮಾಡುವುದು? ಚೀಲದಲ್ಲಿ ಹಣ್ಣಿಗಿಂತ ಮೊದಲು ಕನ್ನಡಕ, ಕಿವಿಯ ಮಶೀನು ಮತ್ತು ಅದರ ಬ್ಯಾಟರಿ, ಮನೆಯ ಹೊದಿಕೆ, ಓಢಣಿ ಇರಲಿ. ಕರಿಮಣಿ ತೆಗೆದಿಡಿ ಎಂದು ಸ್ಕ್ಯಾನಿಂಗಿಗೆ ಮೊದಲು ಹೇಳಿದವರು ಆಮೇಲೆ ಮರಳಿ ಹಾಕಿದರೇ ನೋಡಿ. ಹಗಲು ನಿದ್ದೆ ಮಾಡಲು ಬಿಡಬೇಡಿ, ವೈದ್ಯರು ಒಪ್ಪಿದರೆ ಎಬ್ಬಿಸಿ ಕೂರಿಸಿ. ರಾತ್ರಿ ಸಣ್ಣ ದೀಪ ಸಾಕು. ಅವರ ಮನೆಮಾತಿನಲ್ಲೇ ಮಾತಾಡಿ, ಒಬ್ಬರೇ ಮಾತಾಡಿ. ಬಲೆ ಎಳೆಯುತ್ತಿದ್ದೇನೆ ಎನ್ನುವವರ ಜೊತೆ ವಾದ ಬೇಡ, ಸುಳ್ಳೂ ಬೇಡ. 'ಅಜ್ಜ, ನಾವು ಆಸ್ಪತ್ರೆಯಲ್ಲಿದ್ದೇವೆ, ನಾನು ಪಕ್ಕದಲ್ಲೇ ಇದ್ದೇನೆ. ಬೆಳಗಾಗಲಿ, ಸಮುದ್ರ ಎಲ್ಲಿಗೂ ಹೋಗುವುದಿಲ್ಲ' ಎಂದರೆ ಆಯಿತು. ಇಲ್ಲಿ ನಡುರಾತ್ರಿ ಹನ್ನೆರಡಾದಾಗ ದುಬೈನಲ್ಲಿ ಹತ್ತೂವರೆ. ಹಣ ಕಳಿಸುವ ಮಗ ಆ ಹೊತ್ತಿಗೆ ಫೋನಿನಲ್ಲಿ ಹತ್ತು ನಿಮಿಷ ದನಿ ಕೇಳಿಸಲಿ. ಡಾಕ್ಟರನ್ನು ಕೇಳಲು ಪದವಿ ಬೇಕಿಲ್ಲ: ನಿನ್ನೆ ಇವರು ಹೀಗಿರಲಿಲ್ಲ, ಕಾರಣ ಏನು? ಮೂತ್ರ ಹೋಗಿದೆಯೇ? ಸೋಡಿಯಂ ಎಷ್ಟು? ಯಾವ ಹೊಸ ಔಷಧಿ ಶುರುವಾಗಿದೆ, ಅದನ್ನು ನಿಲ್ಲಿಸಬಹುದೇ?

ನಮ್ಮ ಜಮಾತ್‌ಗಳು ಆಂಬುಲೆನ್ಸ್ ಓಡಿಸುತ್ತವೆ, ಔಷಧಿಗೆ ಹಣ ಕೊಡುತ್ತವೆ, ಮಯ್ಯತ್ ಆದರೆ ಗಂಟೆಯೊಳಗೆ ನೂರು ಜನ ಸೇರುತ್ತಾರೆ. ಬದುಕಿರುವವರ ಪಕ್ಕ ರಾತ್ರಿ ಕೂರಲು ಪಾಳಿ ಹಾಕಿಕೊಂಡು ನಾಲ್ವರು ಯುವಕರು, ನಾಲ್ವರು ಯುವತಿಯರು ಸಿಗುವುದಿಲ್ಲವೇ? ಮೊಗೇರ ಸಮಾಜದವರ ಜೊತೆ ಸೇರಿ ಮಾಡಿದರೆ ಇನ್ನೂ ಸುಲಭ. ಅದೇ ವಾರ್ಡಿನ ಎರಡು ಮಂಚಗಳಲ್ಲಿ ಎಷ್ಟೋ ಸಲ ನಮ್ಮಿಬ್ಬರ ಮುದುಕರೇ ಅಕ್ಕಪಕ್ಕ ಮಲಗಿರುತ್ತಾರೆ.

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎನ್ನುವವರಲ್ಲಿ ನಾನೂ ಒಬ್ಬ ವ್ಯಕ್ತಿ. ಆ ಬೇಡಿಕೆಯ ಪಟ್ಟಿಗೆ, ಸ್ಕ್ಯಾನಿಂಗ್ ಯಂತ್ರಗಳ ಮತ್ತು ಹಾಸಿಗೆಗಳ ಸಂಖ್ಯೆಯ ಕೆಳಗೆ, ಎರಡು ಸಾಲು ಸೇರಿಸಬೇಕೆಂದು ಒತ್ತಾಯಿಸುತ್ತೇನೆ. ವಯಸ್ಸಾದ ಪ್ರತಿ ರೋಗಿಯ ಬಳಿ ರಾತ್ರಿ ಮನೆಯವರೊಬ್ಬರು ಇರಲು ಅನುಮತಿ ಮತ್ತು ಕೂರಲು ಒಂದು ಕುರ್ಚಿ. ಯಾರದೇ ಕೈ ಕಟ್ಟಿದರೆ, ಯಾರು ಕಟ್ಟಿದರು, ಏಕೆ ಕಟ್ಟಿದರು, ಎಷ್ಟು ಹೊತ್ತಿಗೆ ಬಿಚ್ಚಿದರು ಎಂದು ಕಡತದಲ್ಲಿ ಬರೆದು ವೈದ್ಯರು ಸಹಿ ಹಾಕುವ ನಿಯಮ.